ಅವ್ವನ ಮಂಡಿಗೆ ಎಷ್ಟು ಟೆಸ್ಲಾ?

ನಂಜನಗೂಡಿನ ನಂಜುಂಡೇಶ್ವರನನ್ನು ಹಕೀಮ್ ನಂಜುಂಡ ಎಂದು ಕರೆದವನು ಟಿಪ್ಪು ಸುಲ್ತಾನ. ಪಟ್ಟದಾನೆಯ ಕಣ್ಣು ಹೋಗಿತ್ತಂತೆ, ಇಲ್ಲಿ ಹರಕೆ ಹೊತ್ತ ಮೇಲೆ ದೃಷ್ಟಿ ಮರಳಿ ಬಂತಂತೆ, ಸುಲ್ತಾನ ಸಂತೋಷಪಟ್ಟು ಪಚ್ಚೆಯ ಲಿಂಗ ಕೊಟ್ಟನಂತೆ. ಐತಿಹ್ಯ ಇಷ್ಟು. ಇದರಲ್ಲಿ ನನ್ನನ್ನು ಬೆರಗುಗೊಳಿಸುವುದು ಪವಾಡಕ್ಕಿಂತ ಇನ್ನೊಂದು ಸಂಗತಿ: ಅಷ್ಟು ದೊಡ್ಡ ಆನೆ ಬಂದು ನಿಂತರೂ ಯಾರೊಬ್ಬರೂ ‘ಮೊದಲು ಮೈಸೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಾ, ಆಮೇಲೆ ನೋಡೋಣ’ ಎಂದು ವಾಪಸ್ ಕಳಿಸಲಿಲ್ಲ.

ಇವತ್ತು ಅದೇ ಊರಿಗೆ ಮಂಡಿ ನೋವು ಹೊತ್ತು ಬನ್ನಿ. ಹಕೀಮನ ಊರು ಇದು. ಸದ್ವೈದ್ಯಶಾಲೆ 1913ರಿಂದ ಇಲ್ಲಿದೆ, ಅದರ ಹಲ್ಲುಪುಡಿ ಕಾಣದ ಹಲ್ಲು ಹಳೇ ಮೈಸೂರಿನಲ್ಲಿ ಕಡಿಮೆ. ವೈದ್ಯಕ್ಕೆ ಇಷ್ಟು ಹೆಸರಾದ ಊರಿನಲ್ಲೂ ಮಂಡಿ ಹಿಡಿದುಕೊಂಡು ಒಳಗೆ ಹೋದವರು ಕುರ್ಚಿಯಲ್ಲಿ ಕೂರುವ ಮೊದಲೇ ಸ್ಕ್ಯಾನಿಂಗ್ ಚೀಟಿ ತಯಾರಾಗಿರುತ್ತದೆ. ಕೂರುವುದೇ ಕಷ್ಟ ಎಂದು ಬಂದವರಾದ್ದರಿಂದ ಅದೂ ಒಂದು ಉಪಕಾರವೇ ಅನ್ನಿ.

ಮಂಡಿ ಸವೆಯಲು ನಂಜನಗೂಡು, ತಿ. ನರಸೀಪುರ ಎಂಬ ನಮ್ಮ ಎರಡು ತಾಲ್ಲೂಕುಗಳು ಹೇಳಿ ಮಾಡಿಸಿದ ಜಾಗ. ಕಬಿನಿ ನಾಲೆಗೆ ನೀರು ಬಿಟ್ಟರೆ ನಾಟಿ, ನಾಟಿ ಮುಗಿದರೆ ಕಳೆ. ಎರಡೂ ಹೆಂಗಸರ ಪಾಲಿನ ಕೆಲಸ, ಎರಡರಲ್ಲೂ ಸೊಂಟ ಮತ್ತು ಮಂಡಿಗೆ ಬಿಡುವಿಲ್ಲ. ಕೆಲಸ ಬಿಟ್ಟರೆ ಭಕ್ತಿ. ನಂಜನಗೂಡಿನಲ್ಲಿ ಉರುಳು ಸೇವೆ, ಕಪಿಲೆಯ ಸ್ನಾನಘಟ್ಟದ ಮೆಟ್ಟಿಲು. ತಿ. ನರಸೀಪುರದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ. ಆಷಾಢ ಬಂತೆಂದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಬರೀ ಹತ್ತಿದರೆ ಸಾಲದು, ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚಬೇಕು. ಬೆಂಗಳೂರೂ ಸೇರಿ ದೇಶದ ಐದು ಕಡೆ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಶೇ 28.7 ಮಂದಿಗೆ ಮಂಡಿ ಸವೆತ ಕಂಡುಬಂತು. ಆ ಐದರಲ್ಲಿ ನಮ್ಮ ತಾಲ್ಲೂಕುಗಳಿರಲಿಲ್ಲ. ಇದ್ದಿದ್ದರೆ ಸಮೀಕ್ಷೆ ಮಾಡುವವರು ಪಡಸಾಲೆಯಲ್ಲೇ ಕೂತು ಲೆಕ್ಕ ಮುಗಿಸಬಹುದಿತ್ತು. ಎದ್ದು ಬಂದು ಮಾತಾಡಿಸದ ಅಜ್ಜಿಯರನ್ನೆಲ್ಲ ಎಣಿಸಿದರೆ ಆಯಿತು.

ಈಗ ಅವ್ವನ ಮಾತು ಕೇಳಿ. ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಕೂತವರನ್ನು ಸುಮ್ಮನೆ ಏನವ್ವ ಅಂದರೂ ಸಾಕು, ಈ ಮಾತು ಬರುತ್ತದೆ: “ಕೂತ್ರ ಏಳಕ್ಕಾಗಲ್ಲ, ಎದ್ರ ಕೂರಕ್ಕಾಗಲ್ಲ ಸಾಮಿ. ಬೆಳಿಗ್ಗ ಎದ್ದಾಗ ಒಂಚೂರು ಹಿಡ್ಕಂಡಿರ್ತದ, ಒಲೆ ಹಚ್ಚಿ ಕಾಫಿ ಕಾಸೋ ಹೊತ್ಗ ಬಿಟ್ಕತದ. ಮಡಚುದ್ರ ಕಟಕಟ ಅಂತದ. ಬಿಸಿಗಿಸಿ ಏನಿಲ್ಲ. ಮೂಳ ದಪ್ಪಾಗದ, ಒತ್ತುದ್ರ ನೋವ್ತದ. ನಂಗೂ ಅರವತ್ತಾಯ್ತಲ್ಲ.”

ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 1986ರಲ್ಲಿ ಮಂಡಿ ಸವೆತ ಗುರುತಿಸಲು ಒಂದು ಪಟ್ಟಿ ಮಾಡಿತು. ಮಂಡಿ ನೋವಿನ ಜೊತೆಗೆ ಆರು ಅಂಶ: ವಯಸ್ಸು ಐವತ್ತು ದಾಟಿರಬೇಕು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡಬೇಕು, ಮಡಚಿದಾಗ ಕಟಕಟ ಸದ್ದು, ಮೂಳೆ ಒತ್ತಿದರೆ ನೋವು, ಮೂಳೆ ದಪ್ಪಗಾಗಿರುವುದು, ಮುಟ್ಟಿದರೆ ಬಿಸಿ ಇಲ್ಲದಿರುವುದು. ಆರರಲ್ಲಿ ಮೂರು ಇದ್ದರೆ ಸಾಕು ಎಂದರು. ಅವ್ವ ಆರಕ್ಕೆ ಆರೂ ಹೇಳಿ ಮುಗಿಸಿದ್ದಾಳೆ, ಅದೂ ಗುಂಡ್ಲುಪೇಟೆ ಬಸ್ಸು ಬರುವುದರೊಳಗೆ. ಈ ಪಟ್ಟಿ ಹಿಡಿದು ನೋಡಿದರೆ ರೋಗ ಇರುವ ನೂರರಲ್ಲಿ 95 ಮಂದಿ ಸಿಕ್ಕಿಬೀಳುತ್ತಾರೆ. ಇಲ್ಲದ ನೂರರಲ್ಲಿ ಮಾತ್ರ 69 ಮಂದಿಯನ್ನಷ್ಟೇ ಸರಿಯಾಗಿ ಬಿಟ್ಟುಕೊಡುತ್ತದೆ, ಅದು ಪಟ್ಟಿಯ ದೌರ್ಬಲ್ಯ. ಎಕ್ಸ್‌ರೇಯನ್ನೂ ಸೇರಿಸಿಕೊಂಡರೆ ಲೆಕ್ಕ 91 ಮತ್ತು 86. ಅಂದರೆ ಸುಮ್ಮನೆ ಸಿಕ್ಕಿಬೀಳುವ ಅಮಾಯಕರು ಕಡಿಮೆಯಾಗುತ್ತಾರೆ, ನಿಜವಾದ ರೋಗಿಗಳಲ್ಲಿ ಇನ್ನೂ ನಾಲ್ವರು ತಪ್ಪಿಸಿಕೊಳ್ಳುತ್ತಾರೆ. ಸೀಸ ಹೊದಿಸಿದ ಕೋಣೆ ಕಟ್ಟಿ ಗಳಿಸಿದ ಲಾಭ ಇಷ್ಟು.

ಬ್ರಿಟನ್ನಿನಲ್ಲಿ ಚಿಕಿತ್ಸೆಯ ನಿಯಮ ರೂಪಿಸುವ ನೈಸ್ ಎಂಬ ಸಂಸ್ಥೆ ಇನ್ನೂ ನೇರ. ವಯಸ್ಸು ನಲವತ್ತೈದೋ ಹೆಚ್ಚೋ, ಓಡಾಡಿದರೆ ನೋವು, ಬೆಳಗಿನ ಬಿಗಿತ ಇಲ್ಲ ಅಥವಾ ಅರ್ಧ ಗಂಟೆಗಿಂತ ಹೆಚ್ಚಿಲ್ಲ, ಇಷ್ಟಿದ್ದರೆ ಚಿತ್ರ ಏನೂ ಬೇಡ, ಇದು ಮಂಡಿ ಸವೆತ ಎಂದು ಹೇಳಿ ಎಂದು 2014ರಲ್ಲೇ ಬರೆಯಿತು, 2022ರಲ್ಲೂ ಅದೇ ಮಾತು ಹೇಳಿತು. ಯೂರೋಪಿನ ತಜ್ಞರ ಒಕ್ಕೂಟ 2017ರಲ್ಲಿ ಹೇಳಿದ್ದೂ ಇದನ್ನೇ: ಸಾಮಾನ್ಯ ಲಕ್ಷಣವಿದ್ದವರಿಗೆ ಚಿತ್ರ ಬೇಕಿಲ್ಲ, ಬೇಕೇ ಬೇಕೆಂದರೆ ಮೊದಲು ಸಾದಾ ಎಕ್ಸ್‌ರೇ. ದುಡ್ಡಿರುವ ದೇಶಗಳು ಹೀಗೆ ಕೈಕಟ್ಟಿ ಕೂತಿರುವಾಗ, ನಾಟಿ ಕೂಲಿಯಲ್ಲಿ ಬದುಕುವ ತಾಲ್ಲೂಕುಗಳು ಎಂಆರ್‌ಐ ಕಡೆಗೆ ದಾಪುಗಾಲು ಹಾಕುತ್ತಿವೆ. ಇದು ಅಭಿವೃದ್ಧಿ.

ಪೂರ್ತಿ ತಪ್ಪನ್ನು ಡಾಕ್ಟರ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಫಿಲ್ಮು ಬೇಕಾಗಿರುವುದು ಮನೆಗೆ. ಅವ್ವನಿಗೆ ಮಂಡಿ ನೋವು ಅಂದರೆ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಎಕ್ಸ್‌ರೇಯಲ್ಲಿ ಅವ್ವನಿಗೆ ಗ್ರೇಡ್ ಮೂರು ಅಂದರೆ ಬೆಂಗಳೂರಿನಿಂದ ಮಗ ಫೋನ್ ಮಾಡುತ್ತಾನೆ. ಹತ್ತು ವರ್ಷ ‘ಕೂರಕ್ಕಾಗಲ್ಲ’ ಎಂದು ಹೇಳಿದಾಗ ‘ಸುಮ್ನಿರವ್ವ, ಯಾರಿಗಿಲ್ಲ ನೋವು’ ಅಂದ ಅದೇ ಮಗ, ವಾಟ್ಸ್ಆ್ಯಪಿನಲ್ಲಿ ಕಪ್ಪು ಬಿಳುಪು ಚಿತ್ರ ನೋಡಿ, ಎರಡು ಬೆರಳಲ್ಲಿ ದೊಡ್ಡದು ಮಾಡಿ, ‘ಅಯ್ಯೋ ಗ್ಯಾಪೇ ಇಲ್ವಲ್ಲವ್ವ’ ಎಂದು ಮರುಗುತ್ತಾನೆ. ಗ್ಯಾಪು ಇಲ್ಲದಿರುವುದು ಅವ್ವನಿಗೆ ಮೊದಲೇ ಗೊತ್ತಿತ್ತು. ಅವಳ ಬಾಯಿಗೆ ರೇಡಿಯಾಲಜಿಸ್ಟರ ಸಹಿ ಇರಲಿಲ್ಲ, ಅಷ್ಟೆ. ಸೊಸೆಯಾದರೂ ಅಷ್ಟೇ. ನೆಲ ಒರೆಸುವ ಕೆಲಸದಿಂದ ಅತ್ತೆಗೆ ಬಿಡುಗಡೆ ಸಿಗುವುದು ಫಿಲ್ಮಿನ ಕವರು ಬೀರುವಿನ ಮೇಲೆ ಕೂತ ದಿನ. ಸೊಸೆಯ ಮಂಡಿಯ ಸರದಿ ಬರುವಾಗ ಅವಳೂ ಹೀಗೇ ಒಂದು ಕವರು ಸಂಪಾದಿಸಬೇಕು.

ಕವರಿನ ವಿಷಯ ಬಂತು. ಇಷ್ಟು ಅಗಲದ ಕವರು ಮೈಸೂರು ಬಸ್ಸಿನಲ್ಲಿ ಸೀಟಿಗೂ ಹಿಡಿಸುವುದಿಲ್ಲ, ಚೀಲಕ್ಕೂ ಹಿಡಿಸುವುದಿಲ್ಲ. ಮಡಚಬಾರದು ಎಂದು ಹೇಳಿ ಕಳಿಸಿರುತ್ತಾರೆ. ಮಂಡಿ ಮಡಚಲು ಆಗದವರು ಮಡಚದ ಕವರನ್ನು ಎದೆಗವಚಿಕೊಂಡು ನಿಂತಿರುತ್ತಾರೆ. ಪಕ್ಕದವರು ‘ಎಲ್ಲಿ ಕೊಡಿ’ ಎಂದು ಈಸಿಕೊಂಡು ಕಿಟಕಿಯ ಬಿಸಿಲಿಗೆ ಹಿಡಿಯುತ್ತಾರೆ. ಕಂಡಕ್ಟರೂ ಟಿಕೆಟು ಹರಿಯುವುದು ನಿಲ್ಲಿಸಿ ಒಮ್ಮೆ ಬಗ್ಗಿ ನೋಡುತ್ತಾರೆ. ಬಸ್ಸಿನ ಅರ್ಧ ಮಂದಿ ಅಭಿಪ್ರಾಯ ಕೊಟ್ಟ ಮೇಲೆ ಫಿಲ್ಮು ತಲೆಕೆಳಗಾಗಿತ್ತೆಂದು ಗೊತ್ತಾಗುತ್ತದೆ. ಅಭಿಪ್ರಾಯ ಬದಲಾಗುವುದಿಲ್ಲ. ಮುಂದೆ ಆ ಫಿಲ್ಮು ಹೊರಬರುವುದು ಗ್ರಹಣಕ್ಕೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ಬೆಳಿಗ್ಗೆ ನಮ್ಮ ಕಡೆ ಎಷ್ಟು ಮಂಡಿಗಳ ಮೂಲಕ ಸೂರ್ಯನನ್ನು ನೋಡಿದರೋ! (ಹಾಗೆ ನೋಡಬಾರದು, ಕಣ್ಣು ಹೋಗುತ್ತದೆ. ಕಣ್ಣು ಹೋದರೆ ಈಗ ಹಕೀಮನೂ ಚೀಟಿ ಕೇಳಿಯಾನು.)

ಎಕ್ಸ್‌ರೇ ಬಗ್ಗೆ ನನಗೆ ಗೌರವವಿದೆ. ರಾಂಟ್‌ಜೆನ್ 1895ರ ನವೆಂಬರ್ 8ರಂದು ಕಂಡ ಕಿರಣ ಅದು. ಭೌತವಿಜ್ಞಾನದ ಮೊತ್ತಮೊದಲ ನೊಬೆಲ್ ತಂದುಕೊಟ್ಟದ್ದೂ ಅದೇ. ಅಗ್ಗ, ತಾಲ್ಲೂಕಿನಲ್ಲೇ ಸಿಗುತ್ತದೆ, ಮಂಡಿಗೆ ಬೀಳುವ ವಿಕಿರಣವೂ ನಾವು ಒಂದು ದಿನ ಭೂಮಿಯ ಮೇಲೆ ಸುಮ್ಮನೆ ಇದ್ದರೆ ಸಿಗುವುದಕ್ಕಿಂತ ಹೆಚ್ಚಿಲ್ಲ. ತೊಂದರೆ ಏನೆಂದರೆ, ಸವೆಯುವುದು ಮೃದ್ವಸ್ಥಿ, ಎಕ್ಸ್‌ರೇಗೆ ಕಾಣುವುದು ಮೂಳೆ. ಎರಡು ಮೂಳೆಗಳ ನಡುವಿನ ಸಂದು ನೋಡಿ ಮೃದ್ವಸ್ಥಿ ಎಷ್ಟು ಉಳಿದಿದೆ ಎಂದು ಊಹಿಸಬೇಕು. ಬಾಗಿಲ ಕೆಳಗಿನ ಸಂದು ನೋಡಿ ಒಳಗೆ ಹಾಸಿದ ಚಾಪೆ ಎಷ್ಟು ದಪ್ಪ ಎಂದು ಹೇಳಿದ ಹಾಗೆ. ಅದಕ್ಕೇ ಆ ಚಿತ್ರವನ್ನು ನಿಲ್ಲಿಸಿ ತೆಗೆಯಬೇಕು. ನಿಂತಾಗ ಮೈಭಾರ ಬಿದ್ದು ಸಂದು ಮುಚ್ಚುತ್ತದೆ, ಸತ್ಯ ಹೊರಬೀಳುತ್ತದೆ. ಮಲಗಿಸಿ ತೆಗೆದರೆ ಸಂದು ತೆರೆದುಕೊಂಡು ಮಂಡಿಗೆ ಹತ್ತು ವರ್ಷ ಕಡಿಮೆಯಾಗಿರುತ್ತದೆ.

ನಮ್ಮಲ್ಲಿ ಅನೇಕ ಕಡೆ ಮಲಗಿಸಿಯೇ ತೆಗೆಯುತ್ತಾರೆ. ಮೇಜು ಇದೆ, ರೋಗಿ ಇದ್ದಾರೆ, ಮಲಗಿಸದಿದ್ದರೆ ಮೇಜು ಯಾಕೆ? ನೋವಿರುವುದು ನಿಂತಾಗ, ಚಿತ್ರ ಮಲಗಿದಾಗಿನದು. ರಿಪೋರ್ಟು ‘ನಾರ್ಮಲ್’ ಎಂದು ಬರುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐ ಮಾಡಿಸಿಬಿಡಿ ಎಂದು ಚೀಟಿ ಹುಟ್ಟುವುದು ಇಲ್ಲಿಂದ. ಅವ್ವನನ್ನು ಎದ್ದು ನಿಲ್ಲಿಸಿ ಇನ್ನೊಂದು ಫಿಲ್ಮು ತೆಗೆದಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಸಾವಿರಾರು ರೂಪಾಯಿ. ಮಂಡಿ ಚಿಪ್ಪಿನ ಹಿಂದೆ ಸವೆದವರಿಗೆ ಮಂಡಿ ಮಡಚಿಸಿ ತೆಗೆಯುವ ಇನ್ನೊಂದು ಭಂಗಿಯಿದೆ. ಅದನ್ನು ಕೇಳಿದರೆ ಟೆಕ್ನಿಷಿಯನ್ನು ನಿಮ್ಮನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡುತ್ತಾರೆ.

ಗ್ರೇಡಿನ ಕಥೆ ಬೇರೆ. ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ಎಕ್ಸ್‌ರೇ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಹಾಕುವ ಕ್ರಮ ತಂದರು, 1961ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು, ಇವತ್ತಿಗೂ ಅದೇ ನಡೆಯುತ್ತಿದೆ. ಶಾಲೆ ಮುಖ ನೋಡದ ಹೆಂಗಸರಿಗೆ ಜೀವನದಲ್ಲಿ ಸಿಕ್ಕ ಮೊದಲ ಗ್ರೇಡು ಇದು. ಬಸ್ಸಿನಲ್ಲಿ ಅದರದ್ದೇ ಮಾತು.

“ನಿಂದೆಷ್ಟಕ್ಕ?”

“ಮೂರಂತ ಕನವ್ವ. ನಿಂದು?”

“ನಂದು ನಾಕು.”

ನಾಲ್ಕರವಳ ದನಿಯಲ್ಲಿ ಸ್ವಲ್ಪ ಗತ್ತು. ಮೂರರವಳಿಗೆ ಸಣ್ಣ ಮುಜುಗರ. ತಿ. ನರಸೀಪುರದವರಾದರೆ ಇನ್ನೂ ಕಷ್ಟ. ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ಹೆಚ್ಚು ಎಂದು ಬೆಳೆದವರು, ನಂಜನಗೂಡಿನ ಮೂರಕ್ಕೆ ಮೂರರಲ್ಲೇ ನಿಲ್ಲುವವರಲ್ಲ. ಆದರೆ ಈ ಗ್ರೇಡು ನೋವಿನ ಅಳತೆಯೇ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು 2008ರಲ್ಲಿ ನೋಡಿದಾಗ, ಮಂಡಿ ನೋವಿರುವವರಲ್ಲಿ ಎಕ್ಸ್‌ರೇ ಸವೆತ ತೋರಿಸಿದ್ದು ಒಂದು ಕಡೆ ಶೇ 15, ಇನ್ನೊಂದು ಕಡೆ ಶೇ 76. ತಿರುಗಿಸಿ ನೋಡಿದರೆ, ಎಕ್ಸ್‌ರೇಯಲ್ಲಿ ಸವೆತ ಕಂಡವರ ಪೈಕಿ ನೋವಿದ್ದದ್ದು ಶೇ 15ರಿಂದ ಶೇ 81ರವರೆಗೆ. ಹದಿನೈದಕ್ಕೂ ಎಂಬತ್ತೊಂದಕ್ಕೂ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದಾದ ಮಾತನ್ನು ನಮ್ಮ ಕಡೆ ಖಚಿತ ಪುರಾವೆ ಎನ್ನುತ್ತಾರೆ. ಗ್ರೇಡ್ ನಾಲ್ಕರವಳು ಗದ್ದೆಗೆ ಹೋಗುತ್ತಾಳೆ, ಗ್ರೇಡ್ ಒಂದರವಳು ಹಾಸಿಗೆ ಬಿಟ್ಟು ಏಳಳು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕಪಿಲೆ ನಂಜನಗೂಡಿನಲ್ಲಿ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮಂಡಿ ನೋವಿನವರು ಮಾತ್ರ ಎರಡೂ ಊರಿನಿಂದ ಹೊರಟು ಮೈಸೂರಿನಲ್ಲಿ ಸೇರುತ್ತಾರೆ. ನಂಜನಗೂಡಿನ ಕಡೆಯಿಂದಲೂ ನರಸೀಪುರದ ಕಡೆಯಿಂದಲೂ ಒಂದೇ ರಾಷ್ಟ್ರೀಯ ಹೆದ್ದಾರಿ, 766. ತ್ರಿವೇಣಿ ಸಂಗಮ ಎಂದ ಮೇಲೆ ಕಣ್ಣಿಗೆ ಕಾಣದ ಮೂರನೆಯ ಹರಿವು ಒಂದಿರಲೇಬೇಕು. ತಿರುಮಕೂಡಲಿನಲ್ಲಿ ಅದು ಸ್ಫಟಿಕ ಸರೋವರ. ಮೈಸೂರಿನ ಸಂಗಮದಲ್ಲಿ ಅದರ ಹೆಸರು ಕಮಿಷನ್. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ವೈದ್ಯರ ನಡತೆಯ 2002ರ ನಿಯಮಾವಳಿ ನಿಷೇಧಿಸಿದೆ. ಆದ್ದರಿಂದಲೇ ಅದು ಗುಪ್ತಗಾಮಿನಿ.

ಈಗ ಮಹಾಯಂತ್ರಕ್ಕೆ ಬರೋಣ. ಎಂಆರ್‌ಐ ದೊಡ್ಡ ಸಾಧನೆ, ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು. ವಿಕಿರಣವಿಲ್ಲ, ಮೃದ್ವಸ್ಥಿ, ಸ್ನಾಯುರಜ್ಜು, ಮೂಳೆಯೊಳಗಿನ ಮಜ್ಜೆ, ನೀರು, ಎಲ್ಲವೂ ಕಾಣುತ್ತದೆ. ಅದರ ಬಲವನ್ನು ಟೆಸ್ಲಾ ಲೆಕ್ಕದಲ್ಲಿ ಅಳೆಯುತ್ತಾರೆ. ಸಾಮಾನ್ಯವಾದದ್ದು 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು ಮೂವತ್ತು ಸಾವಿರ ಪಟ್ಟು. ಅದಕ್ಕೂ ದೊಡ್ಡದು 3 ಟೆಸ್ಲಾ. ಮೊಬೈಲಿನ ಕ್ಯಾಮೆರಾಗೆ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿ ಅಭ್ಯಾಸವಾದ ಮಗ ಕೌಂಟರಿನಲ್ಲಿ ಕೇಳುತ್ತಾನೆ: “ಸಾರ್, ನಮ್ಮವ್ವನಿಗೆ ಎಷ್ಟು ಟೆಸ್ಲಾ?” ಒಂದೂವರೆ ಅಂದರೆ ಮುಖ ಸಣ್ಣದಾಗುತ್ತದೆ. ಅವ್ವನಿಗೆ ಮಾಡುವುದೇ ಒಂದು ಸಲ, ಮೂರೇ ಮಾಡಿಸೋಣ ಎಂದು ಅತ್ತಿಗೆಯ ತಮ್ಮ ಫೋನಿನಲ್ಲೇ ಸಲಹೆ ಕೊಡುತ್ತಾನೆ. ಮದುವೆಯ ಛತ್ರಕ್ಕೂ ಇಷ್ಟು ಚರ್ಚೆ ಆಗಿರುವುದಿಲ್ಲ.

ಯಂತ್ರದೊಳಗೆ ಹೋಗುವ ಮೊದಲು ಅವ್ವನ ಮೈಮೇಲಿನ ಲೋಹವೆಲ್ಲ ಇಳಿಯಬೇಕು. ಕಿವಿಯೋಲೆ ಬಂತು. ಬಳೆ ಕಷ್ಟಪಟ್ಟು ಬಂತು. ಕಾಲುಂಗುರ ಬರಲಿಲ್ಲ, ಸೋಪು ಹಚ್ಚಿದರು. ಮೂಗುಬೊಟ್ಟು ಮದುವೆಯ ದಿನ ಹಾಕಿದ್ದು, ತಿರುಪು ತುಕ್ಕು ಹಿಡಿದು ಕೂತಿದೆ. ತಾಳಿಗೆ ಬಂದಾಗ ಅವ್ವ ಎದ್ದು ಹೊರಟಳು. “ನಿಮ್ಮಪ್ಪ ಇನ್ನೂ ಬದುಕವ್ನೆ” ಎಂದಳು. ಹೊರಗೆ ಬೆಂಚಿನಲ್ಲಿ ಕೂತು ಬೀಡಿಗೆ ಬೆಂಕಿಪೊಟ್ಟಣ ಹುಡುಕುತ್ತಿದ್ದ ಅಪ್ಪನನ್ನೇ ಕರೆಸಿ ಒಪ್ಪಿಗೆ ಪಡೆಯಬೇಕಾಯಿತು. ಆಮೇಲೆ ಅರಿಶಿನ ಕೊಂಬನ್ನು ದಾರಕ್ಕೆ ಕಟ್ಟಿಕೊಂಡು ಒಳಗೆ ಹೋದಳು. ಅರ್ಧ ಗಂಟೆ ಅಲುಗಾಡದೆ, ಡಬಡಬ ಬಡಿಯುವ ಸದ್ದಿನ ನಡುವೆ ಮಲಗಿದಳು. ಹೊರಗೆ ಬಂದಾಗ ಮಂಡಿ ಮೊದಲಿಗಿಂತ ಹೆಚ್ಚು ಹಿಡಿದುಕೊಂಡಿತ್ತು.

ರಿಪೋರ್ಟು ಎರಡು ಪುಟ, ಇಂಗ್ಲಿಷಿನಲ್ಲಿ. ಮೀಡಿಯಲ್ ಮೆನಿಸ್ಕಸ್‌ನಲ್ಲಿ ಗ್ರೇಡ್ ಎರಡರ ಸಿಗ್ನಲ್, ಮೃದ್ವಸ್ಥಿ ತೆಳುವಾಗಿದೆ, ಮೂಳೆಯ ಮಜ್ಜೆಯಲ್ಲಿ ಊತ, ಸ್ವಲ್ಪ ನೀರು, ಹಿಂದೆ ಸಣ್ಣದೊಂದು ಗುಳ್ಳೆ. ಅಂಗಾಂಗದ ಹೆಸರುಗಳನ್ನೆಲ್ಲ ಓದಿದ ಮಗನಿಗೆ ಅವ್ವ ಬದುಕುವುದೇ ಅನುಮಾನ ಅನ್ನಿಸುತ್ತದೆ. ಯಾರೂ ಓದದ ಕೊನೆಯ ಸಾಲಿನಲ್ಲಿ ಇರುತ್ತದೆ: ಇದನ್ನು ರೋಗಿಯ ಲಕ್ಷಣಗಳ ಜೊತೆ ತಾಳೆ ನೋಡಿಕೊಳ್ಳಿ. ಸಾವಿರಾರು ರೂಪಾಯಿ ಈಸಿಕೊಂಡು ಆ ಯಂತ್ರವೂ ಕೊನೆಗೆ ಹೇಳುವುದು, ಹೋಗಿ ಮಂಡಿ ಮುಟ್ಟಿ ನೋಡಿ ಎಂದು.

ತಾಳೆ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನ ಜನ ಸಾಕ್ಷಿ. ಐವತ್ತು ದಾಟಿದ, ಎಕ್ಸ್‌ರೇಯಲ್ಲಿ ಮಂಡಿ ಸವೆತವೇ ಇಲ್ಲದ 710 ಮಂದಿಯನ್ನು ಎಂಆರ್‌ಐಗೆ ಹಾಕಿದರು. ಶೇ 89 ಮಂದಿಯ ಮಂಡಿಯಲ್ಲಿ ಏನಾದರೊಂದು ದೋಷ ಸಿಕ್ಕಿತು. ನೋವಿದ್ದವರಲ್ಲೂ ಸಿಕ್ಕಿತು, ಇಲ್ಲದವರಲ್ಲೂ ಸಿಕ್ಕಿತು. 2012ರಲ್ಲಿ ಪ್ರಕಟವಾದ ಲೆಕ್ಕ ಇದು. ಅದೇ ಊರಿನಲ್ಲಿ ಅದಕ್ಕೂ ಮೊದಲು, 2008ರಲ್ಲಿ, 991 ಮಂದಿಯ ಮಂಡಿ ನೋಡಿದ್ದರು. ಮಂಡಿಯ ಮೆತ್ತೆ ಅಂದರೆ ಮೆನಿಸ್ಕಸ್ ಹರಿದಿದೆ ಎಂದು ಎಂಆರ್‌ಐ ಹೇಳಿದವರಲ್ಲಿ ಶೇ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ. ಐವತ್ತು ದಾಟಿದ ಯಾರನ್ನೇ ಒಳಗೆ ತಳ್ಳಿದರೂ ಈ ಯಂತ್ರ ಬರಿಗೈಯಲ್ಲಿ ವಾಪಸ್ ಕಳಿಸುವುದಿಲ್ಲ. ಅಷ್ಟು ದುಡ್ಡು ಕೊಟ್ಟ ಮೇಲೆ ‘ಏನೂ ಇಲ್ಲ’ ಅನ್ನಿಸಿಕೊಂಡು ಬರುವುದು ಮನೆಯವರಿಗೂ ಅವಮಾನ.

ಹರಿದಿದೆ ಎಂದು ಬರೆದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಸಣ್ಣ ತೂತು ಮಾಡಿ, ಪುಟ್ಟ ಕ್ಯಾಮೆರಾ ಇಳಿಸಿ, ಒಳಗೆ ತೊಳೆದು ಕೆರೆದು ಸ್ವಚ್ಛ ಮಾಡುತ್ತೇವೆ ಎನ್ನುತ್ತಾರೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೋಸ್ಲಿ ಎಂಬ ಶಸ್ತ್ರವೈದ್ಯರು ಮಂಡಿ ಸವೆತದ 180 ಮಂದಿಯನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಕೆರೆದರು, ಒಂದು ಪಾಲಿಗೆ ಬರೀ ತೊಳೆದರು, ಮೂರನೆಯ ಪಾಲಿಗೆ ಚರ್ಮ ಮಾತ್ರ ಕೊಯ್ದು, ಆಪರೇಷನ್ನಿನ ನಾಟಕ ಆಡಿ ಹೊಲಿದರು. ಯಾರಿಗೆ ಯಾವುದು ಎಂದು ರೋಗಿಗಳಿಗೆ ಗೊತ್ತಿಲ್ಲ. ಎರಡು ವರ್ಷ ಕಾದು ನೋಡಿದರೆ ಮೂರು ಪಾಲೂ ಒಂದೇ. ನಾಟಕಕ್ಕಿಂತ ನಿಜದ ಆಪರೇಷನ್ ಎಳ್ಳಷ್ಟೂ ಮುಂದಿರಲಿಲ್ಲ. 2002ರಲ್ಲಿ ಬಂದ ಈ ಸುದ್ದಿ 766ನೇ ಹೆದ್ದಾರಿಯಲ್ಲಿ ಇನ್ನೂ ಎಲ್ಲಿಯೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ.

ಇನ್ನು ಅಲ್ಟ್ರಾಸೌಂಡ್. ಈ ಸ್ಪರ್ಧೆಯಲ್ಲಿ ನನಗೆ ಅಯ್ಯೋ ಅನ್ನಿಸುವುದು ಇದರ ಬಗ್ಗೆ. ಅಗ್ಗ, ವಿಕಿರಣವಿಲ್ಲ, ತಾಳಿ ಬಿಚ್ಚಬೇಕಿಲ್ಲ. ಮಂಡಿಯಲ್ಲಿ ತುಂಬಿದ ನೀರು, ಊದಿದ ಪೊರೆ, ಅಂಚಿನಲ್ಲಿ ಬೆಳೆದ ಮೂಳೆಮುಳ್ಳು, ಹಿಂಬದಿಯ ಗುಳ್ಳೆ, ಹೊರಗೆ ಜಾರಿದ ಮೆತ್ತೆ ಎಲ್ಲ ತೋರಿಸುತ್ತದೆ. ಮಂಡಿ ಮಡಚಿದರೆ ತೊಡೆಮೂಳೆಯ ತುದಿಯ ಮೃದ್ವಸ್ಥಿಯನ್ನೂ ಒಂದಷ್ಟು ಕಾಣಿಸುತ್ತದೆ. ಕೀಲಿನ ನಟ್ಟನಡುವೆ ಮತ್ತು ಮೂಳೆಯ ಒಳಗೆ ಅದರ ಕಣ್ಣು ಹೋಗದು, ನಿಜ. ಹಿಡಿದವರ ಕೈ ಪಳಗಿರಬೇಕು, ಅದೂ ನಿಜ. ಆದರೆ ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಅದನ್ನು ಹಿಡಿದವರು ರೋಗಿಯ ಮಂಡಿಯನ್ನು ಮುಟ್ಟಲೇಬೇಕು. ಎಲ್ಲಿ ನೋವಮ್ಮ ಎಂದು ಕೇಳುತ್ತ, ಅಲ್ಲಿಯೇ ಒತ್ತಿ ನೋಡಬಹುದಾದ ಯಂತ್ರ ಇದೊಂದೇ.

ಇಷ್ಟು ಒಳ್ಳೆಯದನ್ನು ಜೀಪಿನಲ್ಲಿ ಹಾಕಿಕೊಂಡು ಇವತ್ತು ನಂಜನಗೂಡು, ನಾಳೆ ನರಸೀಪುರ, ನಾಡಿದ್ದು ಬನ್ನೂರು ಎಂದು ಮಂಡಿ ಶಿಬಿರ ಮಾಡಿದರೆ ಎಷ್ಟು ಚೆನ್ನ! ಮಾಡಲಾಗದು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಬೇಕು. 2012ರ ತಿದ್ದುಪಡಿಯ ಪ್ರಕಾರ ಕೈಯಲ್ಲಿ ಹಿಡಿದು ಓಡಾಡಬಹುದಾದ ಯಂತ್ರವೂ ನೋಂದಾಯಿಸಿದ ಕಟ್ಟಡ ಬಿಟ್ಟು ಹೊರಡುವಂತಿಲ್ಲ. ಸಂಚಾರಿ ಆರೋಗ್ಯ ಘಟಕಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಎಪ್ಪತ್ತರ ಅವ್ವ ಮಂಡಿ ತೋರಿಸಲು ಹೋದರೂ ಕಾಯುವುದು ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡಿನ ಕೆಳಗೆ. ಅಕ್ಷರ ಬಾರದ ಅವಳಿಗೆ ಮೊಮ್ಮಗಳು ಅದನ್ನು ಓದಿ ಹೇಳುತ್ತಾಳೆ. “ಪುಣ್ಯಾತ್ಗಿತ್ತಿ, ನನ್ನ ಮಂಡಿ ಗಂಡೋ ಹೆಣ್ಣೋ ಯಾರಿಗ್ ಬೇಕು” ಎಂದು ಅವಳು ನಗುತ್ತಾಳೆ.

ಕಾಯ್ದೆಯಲ್ಲಿ ತಪ್ಪಿಲ್ಲ. ಅಂಥ ಕಾಯ್ದೆ ಬೇಕಾಗುವ ಹಾಗೆ ನಡೆದುಕೊಂಡವರು ನಾವು. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಹೊರಗೆಳೆದ ಜಾಲ ನೆನಪಿರಬೇಕು: ಪೊಲೀಸರ ಪ್ರಕಾರ ಸ್ಕ್ಯಾನಿಂಗ್ ನಡೆಯುತ್ತಿದ್ದದ್ದು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ, ಗರ್ಭಪಾತ ನಡೆಯುತ್ತಿದ್ದದ್ದು ಮೈಸೂರಿನ ಆಸ್ಪತ್ರೆಯೊಂದರಲ್ಲಿ. ಬೆಲ್ಲ ಕಾಯಿಸುವ ಜಾಗಕ್ಕೆ ಹೋಗಲು ಆ ಯಂತ್ರಕ್ಕೆ ದಾರಿ ಗೊತ್ತಿತ್ತು, ಕರೆಂಟೂ ಸಿಕ್ಕಿತ್ತು, ಯಾವ ನೋಂದಣಿಯೂ ಅಡ್ಡ ಬರಲಿಲ್ಲ. ಗದ್ದೆಯ ಬದುವಿನವರೆಗೆ ಬಂದು ನಾಟಿಯವಳ ಮಂಡಿ ನೋಡುವುದಕ್ಕೆ ಮಾತ್ರ ಅಡ್ಡಿ. ಹೊಟ್ಟೆಯೊಳಗಿರುವುದು ಹೆಣ್ಣೇ ಎಂದು ನೋಡುವ ಆತುರದ ಒಂದು ಪಾಲೂ, ಎದುರಿಗೆ ಕೂತು ನೋವು ಹೇಳುತ್ತಿರುವ ಹೆಣ್ಣನ್ನು ನೋಡುವುದರಲ್ಲಿ ಈ ಸಮಾಜಕ್ಕೆ ಎಂದೂ ಇರಲಿಲ್ಲ.

ಸಿಟಿ ಸ್ಕ್ಯಾನಿನ ಬಗ್ಗೆ ಹೆಚ್ಚಿಗೆ ಏನೂ ಹೇಳಬೇಕಿಲ್ಲ. ಮುರಿದ ಮೂಳೆಗೆ, ಕೆಲವು ಆಪರೇಷನ್ನುಗಳ ಅಳತೆಗೆ ಅದು ಸರಿ. ಸಾದಾ ಸವೆತಕ್ಕೆ ಅದನ್ನು ಬರೆದವರಿಗೆ ಕಾರಣ ಕೇಳಿ, ಅಷ್ಟೆ.

ಹಾಗೆಂದು ಚಿತ್ರವೇ ಬೇಡ ಎಂದು ಮಂಡಿಯೂರಿ ಕೂರಬೇಡಿ. ಬಿದ್ದು ಏಟಾಗಿದ್ದರೆ, ಮಂಡಿ ನಡುವೆಯೇ ಸಿಕ್ಕಿಹಾಕಿಕೊಂಡು ನೀಟಾಗದಿದ್ದರೆ, ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ಜ್ವರ ಬಂದರೆ, ರಾತ್ರಿ ಮಲಗಿದಾಗಲೂ ಬಿಡದ ನೋವಿದ್ದರೆ, ವಯಸ್ಸು ಚಿಕ್ಕದಿದ್ದು ಕಾರಣ ತಿಳಿಯದಿದ್ದರೆ ಬೇಗ ಹೋಗಿ, ಡಾಕ್ಟರು ಹೇಳಿದ್ದು ಮಾಡಿಸಿ. ಮಂಡಿ ಬದಲಿಸುವ ಮಟ್ಟಕ್ಕೆ ಬಂದವರಿಗೂ ಎಕ್ಸ್‌ರೇ ಬೇಕು. ಅಂದ ಹಾಗೆ, ಆ ಕೃತಕ ಮಂಡಿಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಬೆಲೆ ಮಿತಿ ಹಾಕಿತು. ಅಲ್ಲಿಯವರೆಗೆ ಒಂದೂವರೆ ಲಕ್ಷ ದಾಟುತ್ತಿದ್ದ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿ, ತೆರಿಗೆ ಬಿಟ್ಟು, 54,720 ರೂಪಾಯಿಗೆ ಇಳಿಯಿತು. ಒಂದೇ ರಾತ್ರಿಯಲ್ಲಿ ಅಷ್ಟು ಇಳಿಯಬಹುದಾದ ಬೆಲೆ ಅಲ್ಲಿಯವರೆಗೆ ಯಾವ ಎತ್ತರದಲ್ಲಿ ಕೂತಿತ್ತು ಎಂದು ಯಾವ ಸ್ಕ್ಯಾನಿನಲ್ಲೂ ಕಾಣಿಸಿರಲಿಲ್ಲ.

ಉಳಿದವರಿಗೆ, ಅಂದರೆ ಬಹುಪಾಲು ಮಂದಿಗೆ, ಗ್ರೇಡ್ ಎರಡಾದರೂ ಮೂರಾದರೂ ಚಿಕಿತ್ಸೆ ಒಂದೇ: ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಸುವುದು, ಹಚ್ಚುವ ಮುಲಾಮು, ಬೇಕಾದಾಗ ಮಾತ್ರೆ, ಕೈಗೊಂದು ಕೋಲು. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕೆಜಿ ಭಾರ ಇಳಿಯುತ್ತದೆ ಎಂದು 2005ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಇದನ್ನು ಹೇಳಿಕೊಡಲು ಬೇಕಾದವರು ಫಿಸಿಯೋಥೆರಪಿಸ್ಟು, ಕೂರಲು ಒಂದು ಬೆಂಚು, ಅರ್ಧ ಗಂಟೆ ಪುರುಸೊತ್ತು. ಟೆಸ್ಲಾ ಇಲ್ಲದ ಕಾರಣ ಉದ್ಘಾಟನೆಗೆ ಯಾವ ಮಂತ್ರಿಯೂ ಬರುವುದಿಲ್ಲ, ರಿಬ್ಬನ್ ಕಟ್ಟಲು ಜಾಗವೂ ಇಲ್ಲ. ಹಾಗಾಗಿ ಆ ಅರ್ಧ ಗಂಟೆಯ ಬದಲು ಚೀಟಿಯ ಮೂಲೆಯಲ್ಲಿ ‘ವ್ಯಾಯಾಮ ಮಾಡಿ’ ಎಂದು ಎರಡು ಪದ ಬರೆದು ಕೊಡುತ್ತಾರೆ. ಬೆಳಗಿನಿಂದ ಸಂಜೆವರೆಗೆ ಕೆಸರಿನಲ್ಲಿ ನಾಟಿ ಮಾಡಿ ಬಂದವಳು ಅದನ್ನು ಓದಿಸಿಕೊಂಡು, ಇವರಿಗೆ ನನ್ನ ಕೆಲಸ ಏನೆಂದು ಗೊತ್ತೇ ಇಲ್ಲವಲ್ಲ ಎಂದುಕೊಳ್ಳುತ್ತಾಳೆ. ಆ ಕೆಲಸವೇ ಬೇರೆ, ಈ ವ್ಯಾಯಾಮವೇ ಬೇರೆ ಎಂದು ಅವಳಿಗೆ ಯಾರೂ ಮಾಡಿ ತೋರಿಸಿರುವುದಿಲ್ಲ.

ಮುಂದಿನ ಸಲ ಅವ್ವನನ್ನು ಕರೆದುಕೊಂಡು ಹೋಗುವ ಮಕ್ಕಳಿಗೆ ಇಷ್ಟು ಹೇಳುತ್ತೇನೆ. ಡಾಕ್ಟರು ಚೀಟಿಗೆ ಕೈ ಹಾಕುವ ಮೊದಲು ಅವ್ವನ ಸೀರೆಯನ್ನು ಮಂಡಿಯವರೆಗೆ ಸರಿಸಿ ಕೂರಿಸಿ, ಮುಟ್ಟಿ ನೋಡಿ ಸಾರ್ ಅನ್ನಿ. ಎಕ್ಸ್‌ರೇ ಬರೆದರೆ ನಿಲ್ಲಿಸಿ ತೆಗೆಯಲು ಕೇಳಿ, ಎರಡೂ ಮಂಡಿ ಒಂದೇ ಫಿಲ್ಮಿನಲ್ಲಿ. ಎಂಆರ್‌ಐ ಬರೆದರೆ ಒಂದೇ ಒಂದು ಪ್ರಶ್ನೆ ಕೇಳಿ: ಆ ರಿಪೋರ್ಟು ಬಂದ ಮೇಲೆ ಈಗ ಕೊಡುವ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಇಲ್ಲ ಅಂದರೆ ಕಾಲುಂಗುರಕ್ಕೆ ಸೋಪು ಹಚ್ಚಬೇಡಿ. ಆ ದುಡ್ಡಿಗೆ ಹಿತ್ತಲಿನ ಪಾಯಿಖಾನೆಯಲ್ಲಿ ಒಂದು ಕಮೋಡು ಕೂರಿಸಿ, ಪಕ್ಕದ ಗೋಡೆಗೆ ಹಿಡಿದು ಏಳಲು ಒಂದು ಕಂಬಿ ಹಾಕಿಸಬಹುದು.